ಜಪಾನಲ್ಲಿ ದೊಡ್ ದೊಡ್ ಸಿಂಗರ್‌ಗಳ ಹಿಟ್ ಹಾಡೆಲ್ಲ ಟಿವಿ ಆ್ಯಡಿಂದಾನೇ ಬಂದಿರೋದಾ?

ಹಮಾಮಾತ್ಸು ಹೈದ
ಎಲ್ರಿಗೂ ನಮಸ್ಕಾರ ಕಣ್ರಪ್ಪ. ಬೋ ದಿನದಿಂದ ತಲೇಲಿ ಕೊರೀತಿರೋ ವಿಷ್ಯ, ಇಲ್ಲಿ ಯಾರಿಗಾದ್ರೂ ಗೊತ್ತಿರ್ತದೆ ಅಂತ ಕೇಳ್ತಿವ್ನಿ. ಕೆಲ್ಸದ ಮೇಲೆ ಜಪಾನಿಗ್ ಬಂದ್ಮೇಲೆ ಆಫೀಸ್‌ನೋರ ಜೊತೆ ಕರಾವೊಕೆಗೆ ಹೋಗೋದು ಅಭ್ಯಾಸ ಆಗೋಗದೆ. ಅಲ್ಲಿ ಯಾವ್ ಹಳೇ ಹಾಡ್ ಹಾಕ್ಲಿ, ನಮ್ ಸೆಕ್ಷನ್ ಹೆಡ್ಡು "ಇದು ಲಿಪ್‌ಸ್ಟಿಕ್ ಆ್ಯಡ್‌ದು, ಇದು ಸ್ಕೀ ಅಂಗಡೀದು, ಇದು ರೈಲಿಂದು" ಅಂತಾನೇ ಇರ್ತಾರೆ, ಒಂದು ಸಿನಿಮಾ ಹೆಸ್ರೂ ಬರಾಕಿಲ್ಲ. ನಮ್ಮಲ್ಲಿ ಹಾಡು ಅಂದ್ರೆ ಮೊದ್ಲು ಕೇಳೋದೇ "ಯಾವ್ ಫಿಲಂದು?" ಅಂತ ತಾನೆ. ಇಲ್ಲಿ ನೋಡುದ್ರೆ ಸ್ಟೇಡಿಯಂ ತುಂಬ್ಸೋ ಗಾಯಕ್ರು ಸೋಪು, ಶಾಂಪೂ, ಬಿಯರ್‌ಗೆಲ್ಲ ಹಾಡ್ ಮಾಡ್ಕೊಟ್ಟವ್ರೆ. ಅವ್ರಿಗೆ ಮುಜುಗರ ಆಗಲ್ವಾ? ಅಭಿಮಾನಿಗಳು ಬೈಯಲ್ವಾ? ಅಥ್ವಾ ಹಾಡು ಮೊದ್ಲೇ ಇದ್ದು ಆಮೇಲೆ ಆ್ಯಡ್‌ನೋರು ತಗೋತಾರಾ? ವಿವರವಾಗಿ ಹೇಳ್ರಪ್ಪ.

ಸುಮ್ನೆ ಬಂದೆ
ನಿಮ್ ಹೆಡ್ಡಿಗೆ ನಿರ್ಮಾ ಹಾಡು ಕಲ್ಸಿ, ಮುಂದಿನ್ ಸಲ ಅದೇ ಹಾಡ್ಲಿ 😂

ಆ್ಯಡ್ ಮಂಜ
ಗುರು, ಎರಡು ಬೇರೆ ಬೇರೆ ಐಟಂನ ಒಂದೇ ಮಾಡ್ಬೇಡ. ಒಂದು ಜಿಂಗಲ್ಲು, ಅಂದ್ರೆ ಬ್ರ್ಯಾಂಡ್ ಹೆಸ್ರನ್ನೇ ರಾಗವಾಗಿ ಹಾಡೋದು, ನಮ್ ನಿರ್ಮಾ ಥರ. ಇನ್ನೊಂದನ್ನ ಅಲ್ಲಿ ಟೈ-ಅಪ್ ಅಂತಾರೆ. ಅದ್ರಲ್ಲಿ ಪೂರ್ತಿ ನಾಲ್ಕು ನಿಮಿಷದ ಹಾಡು ಇರತ್ತೆ, ಅದ್ರ ಒಂದ್ ತುಂಡು ಆ್ಯಡಲ್ಲಿ ಬರತ್ತೆ, ಮೂಲೇಲಿ ಸಣ್ಣ ಅಕ್ಷರದಲ್ಲಿ ಹಾಡಿನ ಹೆಸ್ರು ಗಾಯಕರ ಹೆಸ್ರು ಹಾಕ್ತಾರೆ, ಅದೇ ವಾರ ರೆಕಾರ್ಡ್ ಅಂಗಡಿಗೆ ಬರತ್ತೆ. ಕಂಪನಿಗೆ ಹಾಡು ಸಿಕ್ತು, ರೆಕಾರ್ಡ್ ಕಂಪನಿಗೆ ಪುಕ್ಸಟ್ಟೆ ಪ್ರಚಾರ ಸಿಕ್ತು. ದಿನಕ್ಕೆ ಎಷ್ಟೋ ಸಲ ಪ್ರೈಮ್ ಟೈಮಲ್ಲಿ ನಿಮ್ ಹಾಡು ಬರತ್ತೆ ಅಂದ್ರೆ ಯಾವ್ ಗಾಯಕ ಬೇಡ ಅಂತಾನೆ?

ಇನ್ನೊಂದು, ಜಪಾನಲ್ಲಿ ಟಿವಿ ಆ್ಯಡ್ ಅಂದ್ರೆ ಬಹುಪಾಲು 15 ಸೆಕೆಂಡು. ಅಷ್ಟ್ರಲ್ಲಿ ಕಿವಿಗೆ ಹತ್ಬೇಕು ಅಂದ್ರೆ ಪಲ್ಲವಿಯ ಗಟ್ಟಿ ಭಾಗ, ಅವ್ರು ಸಾಬಿ ಅಂತಾರಲ್ಲ, ಅದು ಅಷ್ಟ್ರೊಳಗೇ ಮುಗೀಬೇಕು. ಅದಕ್ಕೇ 90ರ ದಶಕದ ಜೆ-ಪಾಪ್ ಕೇಳಿ ನೋಡಿ, ಎಷ್ಟೋ ಹಾಡು ಮ್ಯೂಸಿಕ್ಕೂ ಇಲ್ದೆ ನೇರ ಸಾಬಿಯಿಂದಾನೇ ಶುರುವಾಗತ್ತೆ. ಆ್ಯಡಿನ ಅಳತೆಗೆ ಹಾಡು ಹೊಲಿಸ್ಕೊಂಡಿರೋದು.

ಕ್ಯಾಸೆಟ್ ಕಾಕಾ
ನಾ ಧಾರವಾಡದಾಗ ಕುಂತು ಯೂಟ್ಯೂಬಿನ್ಯಾಗ ಜಪಾನಿ ಹಳೇ ಆ್ಯಡ್ ನೋಡಾಂವ, ನಗಬ್ಯಾಡ್ರಿ ಮತ್ತ. ಶುರುವಾತು ಎಲ್ಲಿಂದ ಆತು ಹೇಳ್ತೀನಿ ಕೇಳ್ರಿ. 1951ರ ಸೆಪ್ಟೆಂಬರ್‌ನ್ಯಾಗ ಅಲ್ಲೆ ಖಾಸಗಿ ರೇಡಿಯೊ ಚಾಲೂ ಆತು. ಅಲ್ಲೀತನಕ ಇದ್ದದ್ದು ಎನ್‌ಎಚ್‌ಕೆ ಅನ್ನೋ ಸಾರ್ವಜನಿಕ ಪ್ರಸಾರ ಸಂಸ್ಥೆ ಒಂದ, ಅದರಾಗ ಜಾಹೀರಾತು ಇಲ್ಲ. ಅದ ತಿಂಗಳ ತೊರಿರೊ ಮಿಕಿ ಅನ್ನಾಂವ ಒಬ್ಬ ಹವ್ಯಾಸಿ ಫೋಟೊಗ್ರಾಫರ್‌ನ ಫಜೀತಿ ಮ್ಯಾಲೆ ಒಂದು ನಗಿ ಹಾಡು ಮಾಡಿದಾ. ರೊಕ್ಕ ಕೊಟ್ಟದ್ದು ಫಿಲ್ಮ್ ಮಾಡು ಕಂಪನಿ ಕೊನಿಶಿರೊಕು, ಮುಂದ ಕೊನಿಕಾ ಅಂತ ಆತಲ್ಲ, ಅದ. ಜಪಾನಿನ ಮೊದಲನೇ ಜಾಹೀರಾತು ಹಾಡು ಅಂತ ಇದನ್ನ ಹೇಳ್ತಾರ. ಮಜಾ ಏನಂದ್ರ, ಹಾಡಿನ್ಯಾಗ ಕಂಪನಿ ಹೆಸರು ಒಂದು ಕಡೀನೂ ಬರೂದಿಲ್ರಿ! ಅಂದ್ರ ಮಂಜಣ್ಣ ಹೇಳಿದ ಈ ಟೈ-ಅಪ್ ಬುದ್ಧಿ ಮೊದಲನೇ ದಿನದಿಂದನ ಇತ್ತು ಅಂತಾತು.

ಟಿವಿ ಬಂದದ್ದು 1953ಕ್ಕ. ಮೊದಲನೇ ಆ್ಯಡ್ ಸೀಕೊ ಗಡಿಯಾರದವರದು, ಮುಂದ ಎಲ್ಲಾ ಗೊತ್ತದ.

ವಾದಪ್ರಿಯ
ಎಲ್ಲ ಸರಿ ಸ್ವಾಮಿ, ಆದ್ರೆ ಹೈದ ಕೇಳಿದ್ದು ಮುಜುಗರದ ಬಗ್ಗೆ. ಅಣ್ಣಾವ್ರು ಅಷ್ಟ್ ದೊಡ್ಡ ಸ್ಟಾರ್ ಆಗಿ ನಂದಿನಿ ಹಾಲಿಗೆ ಬಿಟ್ರೆ ಇನ್ಯಾವ್ದಕ್ಕೂ ಮುಖ ಕೊಡ್ಲಿಲ್ಲ, ಅದಕ್ಕೂ ದುಡ್ಡು ತಗೊಳ್ಲಿಲ್ಲ. ಅದು ಕಲಾವಿದನ ಲಕ್ಷಣ. ಹಾಡನ್ನ ಫೇಸ್‌ವಾಶ್ ಜೊತೆ ಕಟ್ಟಿ ಮಾರೋದನ್ನ ಸಂಸ್ಕೃತಿ ಅಂತ ಕರೀಬೇಡಿ. ವ್ಯಾಪಾರ ಅನ್ನಿ, ಒಪ್ಕೋತೀನಿ.

ಆ್ಯಡ್ ಮಂಜ
@ವಾದಪ್ರಿಯ ಸರ್ ನಮ್ ಫಿಲಂ ಹಾಡು ಯಾಕೆ ರಿಲೀಸಿಗೆ ಎರಡ್ ತಿಂಗಳು ಮುಂಚೆ ಯೂಟ್ಯೂಬಿಗೆ ಬರತ್ತೆ ಹೇಳಿ ನೋಡೋಣ? ಟಿಕೆಟ್ ಮಾರೋಕೆ ತಾನೆ. ನಮ್ಮಲ್ಲಿ ಹಾಡು ಸಿನಿಮಾಗೆ ಆ್ಯಡು, ಅವ್ರಲ್ಲಿ ಹಾಡು ಲಿಪ್‌ಸ್ಟಿಕ್ಕಿಗೆ ಆ್ಯಡು. ನಮಗೆ ಸಿನಿಮಾ ಮಾಡಿದ ಕೆಲಸನ ಅವ್ರಿಗೆ ಟಿವಿ ಆ್ಯಡು, ಟಿವಿ ಧಾರಾವಾಹಿ ಮಾಡ್ತು, ಅಷ್ಟೇ ವ್ಯತ್ಯಾಸ.

ವಾದಪ್ರಿಯ
ಸಿನಿಮಾಗೆ ಕಥೆ ಇರತ್ತೆ. ಹಾಡಿಗೆ ಸಂದರ್ಭ ಇರತ್ತೆ. ಫೇಸ್‌ವಾಶಿಗೆ ಏನ್ ಸಂದರ್ಭ? ಮುಖ ತೊಳ್ಯೋದಾ?

ಟೋಕಿಯೋ ಅಕ್ಕ
ಮುಖ ತೊಳ್ಯೋದ್ರಲ್ಲೂ ಕಥೆ ಇದೆ ವಾದಪ್ರಿಯ ಅವ್ರೇ 😊 1980ರಲ್ಲಿ ಶಿಸೇಡೊ ಕಂಪನಿಯ ಎಕುಬೊ ಅನ್ನೋ ಫೇಸ್‌ವಾಶ್ ಆ್ಯಡಿಗೆ ಹುಡುಗಿ ಬೇಕಿತ್ತು. ಎಕುಬೊ ಅಂದ್ರೆ ಗುಳಿಕೆನ್ನೆ, ಹಾಗಾಗಿ ನಕ್ಕಾಗ ಕೆನ್ನೇಲಿ ಗುಳಿ ಬೀಳ್ಬೇಕು. ಆಡಿಷನ್‌ಗೆ ಬಂದ ಒಂದು ಹೊಸಾ ಹುಡುಗಿಗೆ ಗುಳೀನೇ ಬೀಳ್ಲಿಲ್ಲ, ಸೆಲೆಕ್ಟ್ ಆಗ್ಲಿಲ್ಲ. ಆದ್ರೆ ದನಿ ಚೆನ್ನಾಗಿದೆ ಅಂತ ಹಾಡೋಕೆ ಮಾತ್ರ ತಗೊಂಡ್ರು. ಆ ಹುಡುಗಿ ಸೇಕೊ ಮತ್ಸುದಾ! ಅದೇ ಅವಳ ಮೊದಲನೇ ಹಾಡು. ಆಮೇಲೆ ಇಡೀ 80ರ ದಶಕ ಅವಳದ್ದೇ ಆಯ್ತು.

ಇನ್ನೂ ಒಂದಿದೆ. 1983ರಲ್ಲಿ ಸನ್‌ಟೋರಿ ಕ್ಯಾನ್ ಬಿಯರ್‌ಗೆ ಪೆಂಗ್ವಿನ್ ಕಾರ್ಟೂನ್ ಆ್ಯಡ್ ಬಂತು. ಹೆಣ್ ಪೆಂಗ್ವಿನ್ ಒಂದು ಸ್ಟೇಜ್ ಮೇಲೆ ನಿಂತು ಇಂಗ್ಲಿಷಲ್ಲಿ ನಿಧಾನಕ್ಕೆ ಒಂದ್ ಹಾಡು ಹೇಳತ್ತೆ, ಕೇಳ್ತಾ ಕೂತಿರೋ ಪೆಂಗ್ವಿನ್ ಕಣ್ಣೀರು ಹಾಕತ್ತೆ. ಮೊದಮೊದಲು ಯಾರ್ ಹಾಡಿದ್ದು ಅಂತ ಹೆಸ್ರೇ ಹಾಕ್ಲಿಲ್ಲ. ಜನ ಯಾರಿದು ಯಾರಿದು ಅಂತ ಫೋನ್ ಮಾಡೋಕ್ ಶುರು ಮಾಡಿದ್ರು, ಆಮೇಲೆ ಹೆಸ್ರು ಹಾಕಿದ್ರು, ನೋಡಿದ್ರೆ ಇವಳೇ. 'ಸ್ವೀಟ್ ಮೆಮೊರೀಸ್' ಅಂತ, ರೆಕಾರ್ಡಿನ ಇನ್ನೊಂದು ಮಗ್ಗಲಲ್ಲಿ ಸುಮ್ನೆ ಬಿದ್ದಿದ್ದ ಹಾಡದು. ಅಲ್ಲೀವರ್ಗೂ ಚಿಕ್ ಹುಡುಗರ ಸಿಂಗರ್ ಅಂತ ಮೂಗು ಮುರೀತಿದ್ದೋರೆಲ್ಲ ಸುಮ್ನಾದ್ರಂತೆ. ನಮ್ಮ ಪಕ್ಕದ್ಮನೆ ಅಜ್ಜಿ ಈಗ್ಲೂ ಇದನ್ನ ಗುನುಗ್ತಾರೆ, ಬಿಯರ್ ಮುಟ್ಟಲ್ಲ ಪಾಪ.

ಸಿಟಿಪಾಪ್ ಹುಚ್ಚಿ
ಅಯ್ಯೋ ಈ ಥ್ರೆಡ್ ನನಗೋಸ್ಕರಾನೇ ಮಾಡಿರೋ ಹಾಗಿದೆ!! ನನ್ ಪ್ಲೇಲಿಸ್ಟಲ್ಲಿರೋ ಅರ್ಧ ಹಾಡು ಆ್ಯಡ್ ಹಾಡೇ ಅಂತ ಗೊತ್ತಾದಾಗ ತಲೆ ತಿರುಗಿತ್ತು. ತತ್ಸುರೊ ಯಮಾಶಿತಾ ಅವರ 'ರೈಡ್ ಆನ್ ಟೈಮ್' 1980ರಲ್ಲಿ ಮ್ಯಾಕ್ಸೆಲ್ ಕ್ಯಾಸೆಟ್ ಆ್ಯಡ್, ಅದ್ರಲ್ಲಿ ಅವ್ರೇ ಸಮುದ್ರದಲ್ಲಿ ನಿಂತಿರ್ತಾರೆ, ಉದ್ದ ಕೂದ್ಲು ಬಿಟ್ಕೊಂಡು. ಮರಿಯಾ ತಕೆಯುಚಿ (ಅವರ ಹೆಂಡ್ತಿ, 'ಪ್ಲಾಸ್ಟಿಕ್ ಲವ್' ಹಾಡಿರೋರು) ಅವರ ಮೊದಲ ದೊಡ್ಡ ಹಿಟ್ಟು ಅದೇ ವರ್ಷದ ಶಿಸೇಡೊ ಆ್ಯಡು. ಅದಕ್ಕೂ ಮುಂಚೆ 1973ರಲ್ಲಿ ಎಯಿಚಿ ಓತಾಕಿ ಮಿತ್ಸುಯಾ ಸೈಡರ್ ಅನ್ನೋ ಸೋಡಾಗೆ ಮಾಡಿದ ಹಾಡು ಕೇಳಿ, ಸೋಡಾ ಬಾಟ್ಲಿಗೆ ಇಷ್ಟೊಂದ್ ಹಾರ್ಮನಿ ಯಾಕೆ ಬೇಕಿತ್ತು ಅನ್ಸತ್ತೆ. ಅಂದ್ರೆ ಆ್ಯಡ್ ದುಡ್ಡಲ್ಲಿ ಇವ್ರೆಲ್ಲ ಸ್ಟುಡಿಯೋದಲ್ಲಿ ಪ್ರಯೋಗ ಮಾಡಿದ್ದಾರೆ. ದುಡ್ಡು ಯಾರ್ದಾದ್ರೇನು, ಹಾಡು ಸಖತ್ತಾಗಿದೆಯಲ್ಲ.

'ಕ್ರಿಸ್ಮಸ್ ಈವ್' ಕೂಡ ಯಮಾಶಿತಾದೇ, ರೈಲ್ವೆ ಆ್ಯಡಿಗೆ ಅಂತ ಮಾಡಿದ್ದು.

ಟೋಕಿಯೋ ಅಕ್ಕ
@ಸಿಟಿಪಾಪ್ ಹುಚ್ಚಿ ಇಲ್ಲಮ್ಮ, ಆ ಹಾಡು 1983ರದ್ದು, ಆ್ಯಡು ಬಂದಿದ್ದು 1988ರಲ್ಲಿ. ಐದು ವರ್ಷ ವ್ಯತ್ಯಾಸ. ಬಂದಾಗ ಒಂದ್ ಮಟ್ಟಕ್ಕೆ ಓಡಿತ್ತು ಅಷ್ಟೇ.

ಈ ಆ್ಯಡ್ ಬಗ್ಗೆ ಬರೀದಿದ್ರೆ ನನಗೆ ನಿದ್ದೆ ಬರಲ್ಲ, ಸ್ವಲ್ಪ ಉದ್ದ ಆಗತ್ತೆ ಸಹಿಸ್ಕೊಳ್ಳಿ. ಜಪಾನಿನ ಸರ್ಕಾರಿ ರೈಲ್ವೆನ 1987ರಲ್ಲಿ ಒಡೆದು ಖಾಸಗಿ ಕಂಪನಿಗಳು ಮಾಡಿದ್ರಲ್ಲ, ಅದ್ರಲ್ಲಿ ಟೋಕಿಯೊ-ಒಸಾಕಾ ಬುಲೆಟ್ ರೈಲು, ಅಂದ್ರೆ ಶಿಂಕಾನ್‌ಸೆನ್ ಸಿಕ್ಕಿದ್ದು ಜೆಆರ್ ತೊಕಾಯ್ ಕಂಪನಿಗೆ. ಹೊಸ ಕಂಪನಿ, ಜನ ರೈಲು ಹತ್ಬೇಕು. ಬೇರೆ ಬೇರೆ ಊರಲ್ಲಿರೋ ಪ್ರೇಮಿಗಳು ಕ್ರಿಸ್ಮಸ್ ರಾತ್ರಿ ಭೇಟಿ ಆಗೋಕೆ ರೈಲಲ್ಲಿ ಬರ್ತಾರೆ ಅಂತ ಆ್ಯಡ್ ಮಾಡಿದ್ರು. ಮೊದಲನೇ ವರ್ಷ ಎರಿ ಫುಕಾತ್ಸು, 1989ರಲ್ಲಿ ರಿಹೊ ಮಕಿಸೆ. ಆ ಎರಡ್ನೇದು ನೋಡಿ. ನಾಗೋಯಾ ಸ್ಟೇಷನ್ನಲ್ಲಿ ಶೂಟ್ ಮಾಡಿರೋದು. ಹುಡುಗಿ ಗಿಫ್ಟ್ ಡಬ್ಬ ಎದೆಗವಚ್ಕೊಂಡು ಜನರ ಮಧ್ಯೆ ಓಡ್ತಾ ಬರ್ತಾಳೆ, ಒಬ್ಬರಿಗೆ ಡಿಕ್ಕಿ ಹೊಡೀತಾಳೆ, ಟಿಕೆಟ್ ಗೇಟಿನ ಹತ್ರ ಬಂದ್ರೆ ಹುಡುಗ ಆಗ್ಲೇ ಹೊರಗೆ ಬರ್ತಿದಾನೆ. ತಕ್ಷಣ ಕಂಬದ ಹಿಂದೆ ಬಚ್ಚಿಟ್ಕೊಂಡು ಉಸಿರು ತಡ್ಕೊಂಡು ನಗ್ತಾಳೆ. ಅಷ್ಟೇ. ಒಂದು ಮಾತಿಲ್ಲ, ಟಿಕೆಟ್ ರೇಟಿಲ್ಲ, ರೈಲು ಎಷ್ಟು ಫಾಸ್ಟು ಅಂತಿಲ್ಲ. ಹಿಂದೆ ಯಮಾಶಿತಾ ದನಿ, ಮತ್ತೆ ಅದ್ರ ತಮಾಷೆ ಏನು ಗೊತ್ತಾ, ಆ ಹಾಡಲ್ಲಿರೋನು ಕಾಯ್ತಾ ಇರ್ತಾನೆ, ಅವಳು ಬರೋದೇ ಇಲ್ಲ! ಆ್ಯಡಲ್ಲಿ ಮಾತ್ರ ಎಲ್ರೂ ಸಿಗ್ತಾರೆ.

ಆ ಡಿಸೆಂಬರಲ್ಲಿ ಆರು ವರ್ಷ ಹಳೇ ಹಾಡು ಓರಿಕಾನ್ ಅನ್ನೋ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯ್ತು. ಆಮೇಲಿಂದ ಪ್ರತೀ ವರ್ಷ ಡಿಸೆಂಬರ್ ಬಂದ್ರೆ ಮತ್ತೆ ಪಟ್ಟಿಗೆ ಬರತ್ತೆ, ಗಿನ್ನೆಸ್ ದಾಖಲೇನೂ ಆಗಿದೆ. ಕ್ರಿಸ್ಮಸ್ ಇಲ್ಲಿ ಪ್ರೇಮಿಗಳ ಹಬ್ಬ ಆಗೋದ್ರಲ್ಲಿ ಈ ಆ್ಯಡ್‌ದೂ ಕೈವಾಡ ಇದೆ ಅಂತ ನನ್ ಅನಿಸಿಕೆ.

ಸಿಟಿಪಾಪ್ ಹುಚ್ಚಿ
ಅಕ್ಕಾ ಈಗ್ಲೇ ನೋಡ್ದೆ. ಆ ಕಂಬದ ಶಾಟ್!!! ಮೂವತ್ತು ಸೆಕೆಂಡಲ್ಲಿ ಒಂದ್ ಸಿನಿಮಾ ಮುಗ್ಸಿದಾರೆ.

ಹಮಾಮಾತ್ಸು ಹೈದ
ಇದೇ ಇದೇ! ನಮ್ ಹೆಡ್ಡು ರೈಲಿಂದು ಅಂದಿದ್ದು ಇದೇ ಹಾಡು. ನಾಗೋಯಾ ಸ್ಟೇಷನ್ನಿಗೆ ವಾರ ವಾರ ಹೋಯ್ತಿರ್ತೀನಿ, ಗೊತ್ತೇ ಇರ್ಲಿಲ್ಲ ಕಣಕ್ಕ.

ಕುಡ್ಲದ ಬೊಂಡ
ಮಾರಾಯ್ರೆ ನೀವೆಲ್ಲ ಪ್ರೀತಿ ಪ್ರೇಮದ್ದೇ ಹೇಳ್ತಾ ಇದ್ದೀರಿ, ಆಫೀಸಿನವರದ್ದು ಬೇಡ್ವಾ? ರೀಗೇನ್ ಅಂತ ಒಂದು ಎನರ್ಜಿ ಡ್ರಿಂಕ್ ಉಂಟು, ಆಗ ಸಾಂಕ್ಯೊ ಅನ್ನುವ ಔಷಧ ಕಂಪನಿಯದ್ದು. 1989ರಲ್ಲಿ ಅದರ ಆ್ಯಡ್. ಸೂಟು ಹಾಕಿದ ಒಬ್ಬ, ಸಬುರೊ ತೊಕಿತೊ ಅಂತ ನಟ, ಮಿಲಿಟರಿ ಮಾರ್ಚಿನ ಹಾಗೆ ಹಾಡುದು, "24 ಗಂಟೆ ಹೋರಾಡ್ತೀರಾ?" ಅಂತ ಕೇಳುದು. ಆ ಮಾತು ಇಡೀ ದೇಶದ ಬಾಯಲ್ಲಿ ಬಂತು, ಹಾಡಿನ ಸಿಂಗಲ್ ಕೂಡ ಹಿಟ್ಟಾಯ್ತು. ಆಗ ಅವರ ಎಕಾನಮಿ ಉಬ್ಬಿ ಉಬ್ಬಿ ಆಕಾಶಕ್ಕೆ ಹೋದ ಸಮಯ ಅಲ್ವಾ, ಅದೇ ವರ್ಷ ಡಿಸೆಂಬರ್ 29ಕ್ಕೆ ಅವರ ಶೇರು ಮಾರ್ಕೆಟಿನ ನಿಕ್ಕೇ ಸೂಚ್ಯಂಕ 38,915ಕ್ಕೆ ಮುಟ್ಟಿತು. ಮರುವರ್ಷದಿಂದ ದಡಬಡ ಬಿದ್ದದ್ದು, ಆ ಅಂಕೆ ಮತ್ತೆ ಕಾಣ್ಲಿಕ್ಕೆ 2024 ಆಗಬೇಕಾಯ್ತು.

ಈಗ ಕೇಳಿ ಮಜಾ. ಹತ್ತು ವರ್ಷ ಕಳೆದು 1999ರಲ್ಲಿ ಅದೇ ರೀಗೇನಿನವರು ಒಂದು ಮಾತ್ರೆ ತಂದರು, ಅದರ ಆ್ಯಡಿಗೆ ಹಾಡೇ ಇಲ್ಲ, ಬರೀ ಪಿಯಾನೊ. ರ್ಯೂಯಿಚಿ ಸಕಾಮೊಟೊ ಅನ್ನುವ ದೊಡ್ಡ ಸಂಗೀತಗಾರರದ್ದು, 'ಎನರ್ಜಿ ಫ್ಲೋ'. ಹೆಸರು ಎನರ್ಜಿ ಅಂತ, ಆದ್ರೆ ಕೇಳಿದ್ರೆ ಎಲ್ಲಾ ಕೆಲಸ ಬಿಟ್ಟು ಮಲಗುವಾ ಅನಿಸ್ತದೆ. ಸುಸ್ತಾದವರಿಗೆ ಅಂತಲೇ ಮಾಡಿದ್ದು ಆಯ್ತಾ. ಅದು ಓರಿಕಾನಿನಲ್ಲಿ ಒಂದನೇ ನಂಬರಿಗೆ ಹೋಯ್ತು, ಹಾಡುವ ದನಿಯೇ ಇಲ್ಲದ ಸಿಂಗಲ್ ಒಂದು ಅಲ್ಲಿಗೆ ಹೋದದ್ದು ಅದೇ ಮೊದಲು. ಒಂದೇ ಕಂಪನಿ, ಒಂದೇ ಬ್ರ್ಯಾಂಡು. ಮೊದಲು ಓಡಿ ಓಡಿ ಅಂತ ಮಾರಿದ್ರು, ಆಮೇಲೆ ಕೂತ್ಕೊಳ್ಳಿ ಪಾಪ ಅಂತ ಮಾರಿದ್ರು. ವಾದಪ್ರಿಯರೇ, ಇದರಲ್ಲಿ ಸಂದರ್ಭ ಉಂಟಾ ಇಲ್ವಾ?

ವಾದಪ್ರಿಯ
ಸಂದರ್ಭ ಇದೆ ಒಪ್ಕೋತೀನಿ, ಅದು ಕಂಪನಿ ಬುದ್ಧಿವಂತಿಕೆ. ಜನರನ್ನ ಸುಸ್ತು ಮಾಡ್ಸಿ ಸುಸ್ತಿಗೆ ಮಾತ್ರೆ ಮಾರೋದು. ಸಕಾಮೊಟೊ ಅಂಥೋರು ಅದಕ್ಕೆ ಪಿಯಾನೊ ನುಡ್ಸಿದ್ದು ನನಗೇನೋ ಬೇಜಾರೇ.

ಕುಡ್ಲದ ಬೊಂಡ
ಎಂತ ಬೇಜಾರು ಮಾರಾಯ್ರೆ, ಆ ಪೀಸನ್ನು ಜನ ಈಗ ಮಾತ್ರೆ ನೆನಪು ಮಾಡಿಕೊಂಡು ಕೇಳ್ತಾರಾ? ಮಾತ್ರೆ ಹೋಯ್ತು, ಪಿಯಾನೊ ಉಳೀತು.

ಕ್ಯಾಸೆಟ್ ಕಾಕಾ
ಸಕಾಮೊಟೊ ಅವರ ವಿಷಯ ಬಂತಂತ ಹೇಳ್ತೀನಿ. 1978ಕ್ಕ ಶಿಸೇಡೊದವರ ಬ್ಯಾಸಗಿ ಆ್ಯಡಿಗೆ ಏಕಿಚಿ ಯಜಾವಾ ಅನ್ನೋ ರಾಕ್ ಗಾಯಕ ಹಾಡ್ಯಾನ, ಕಾಲವೇ, ನಿಲ್ಲು ಅನ್ನೋ ಅರ್ಥದ್ದು. ಅದರಾಗ ಕೀಬೋರ್ಡ್ ಬಾರಿಸಿದ್ದು ಇದ ಸಕಾಮೊಟೊ, ಆಗಿನ್ನೂ ಹೆಸರಾಗಿರಲಿಲ್ಲ. ಆ ಕಾಲಕ್ಕ ಶಿಸೇಡೊಕ್ಕೂ ಕನೆಬೊಕ್ಕೂ ದೊಡ್ಡ ಕುಸ್ತಿ ನಡದಿತ್ರಿ. ವಸಂತ ಬಂತು ಅಂದ್ರ ಲಿಪ್‌ಸ್ಟಿಕ್, ಬ್ಯಾಸಗಿ ಬಂತು ಅಂದ್ರ ಫೌಂಡೇಶನ್, ಪ್ರತಿ ಹಂಗಾಮಿಗೆ ಇವರದೊಂದು ಹಾಡು ಅವರದೊಂದು ಹಾಡು. ಅದ 1978ರ ಬ್ಯಾಸಗಿಗೆ ಕನೆಬೊದವರು ಸರ್ಕಸ್ ಅನ್ನೋ ಗುಂಪಿನ 'ಮಿಸ್ಟರ್ ಸಮ್ಮರ್‌ಟೈಮ್' ತಂದ್ರು. ಎರಡೂ ಒಂದನೇ ನಂಬರ್! ಅದ ವರ್ಷ ಶಿಸೇಡೊ ಮತ್ತೊಂದು ತಂತು, ನಿನ್ನ ಕಣ್ಣು ಹತ್ತುಸಾವಿರ ವೋಲ್ಟು ಅಂತ. ಆ ಸಾಲು ಮೊದಲು ಬರದದ್ದು ಜಾಹೀರಾತಿನ ಕಾಪಿರೈಟರ್, ಅದರ ಮ್ಯಾಲೆ ಹಾಡು ಕಟ್ಟ್ಯಾರ. ಅದೂ ಒಂದನೇ ನಂಬರ್.

ಹೈದ ಕೇಳಿದ್ದನಲ್ಲ ಹಾಡು ಮೊದಲೊ ಆ್ಯಡ್ ಮೊದಲೊ ಅಂತ, ಎರಡೂ ಥರ ಅದಾವ ತಮ್ಮಾ.

ಆ್ಯಡ್ ಮಂಜ
ಕಾಕಾ ಸೂಪರ್. ನಮ್ ಕಡೆ ಕಾಪಿರೈಟರ್ ಬರ್ದಿದ್ ಸಾಲನ್ನ ಕ್ಲೈಂಟು ಮೂರು ಸಲ ವಾಪಸ್ ಕಳ್ಸ್ತಾನೆ, ಅಲ್ಲಿ ರಾಕ್‌ಸ್ಟಾರ್ ಹಾಡ್ತಾನೆ. ನಾನು ತಪ್ಪು ದೇಶದಲ್ಲಿ ಹುಟ್ಟಿದೀನಿ 😭

90ರ ದಶಕದಲ್ಲಿ ಇದು ಫ್ಯಾಕ್ಟರಿ ಥರಾನೇ ಆಗೋಯ್ತು. ಪೊಕಾರಿ ಸ್ವೆಟ್ ಗೊತ್ತಲ್ಲ, ಓತ್ಸುಕಾ ಕಂಪನಿದು, ಇಲ್ಲಿ ನಾವು ಗ್ಲೂಕೋಸ್ ಕುಡ್ಯೋ ಹಾಗೆ ಅಲ್ಲಿ ಬೇಸಿಗೇಲಿ ಅದು. 1993ರಲ್ಲಿ ಜಾರ್ಡ್, 94ರಲ್ಲಿ ಡೀನ್, 95ರಲ್ಲಿ ಫೀಲ್ಡ್ ಆಫ್ ವ್ಯೂ. ಮೂರು ಬೇಸಿಗೆ, ಮೂರು ಬೇರೆ ಬೇರೆ ಬ್ಯಾಂಡು, ಮೂರೂ ಭಾರೀ ಹಿಟ್ಟು. ಮೂರಕ್ಕೂ ಟ್ಯೂನ್ ಹಾಕಿದ್ದು ಒಬ್ರೇ, ತೆತ್ಸುರೊ ಓದಾ. ಮೂರಕ್ಕೂ ಸಾಹಿತ್ಯ ಬರ್ದಿದ್ದು ಒಬ್ರೇ, ಜಾರ್ಡಿನ ಇಜುಮಿ ಸಕಾಯ್. ಜಾರ್ಡ್ ಅವ್ರು ಟಿವಿ ಶೋಗೆ ಬರ್ತಾನೇ ಇರ್ಲಿಲ್ಲ ಹೆಚ್ಚುಕಮ್ಮಿ, ಆದ್ರೆ ದನಿ ಮಾತ್ರ ದಿನಾ ಎಲ್ರ ಮನೇಲಿ.

ಮರಗಿಡ ಮಾದೇಶ
ಮ್ಯೂಸಿಕ್ ನನಗೆ ಅಷ್ಟಕ್ಕಷ್ಟೇ, ಆದ್ರೆ ಜಪಾನ್ ಆ್ಯಡು ಅಂದ್ರೆ ಒಂದ್ ಮರ ಮಾತ್ರ ಗೊತ್ತು. ಹಿಟಾಚಿ ಕಂಪನಿ ಆ್ಯಡಲ್ಲಿ ಒಂದೇ ಒಂದು ದೊಡ್ಡ ಛತ್ರಿ ಥರದ್ ಮರ ಬರತ್ತಲ್ಲ, ಹಿಂದೆ ಕೋರಸ್ಸು. ಆ ಮರ ಇರೋದು ಜಪಾನಲ್ಲಲ್ಲ, ಹವಾಯಿಯ ಓಆಹು ದ್ವೀಪದ ಮೊಆನಲುವಾ ಗಾರ್ಡನ್ಸಲ್ಲಿ. ಅದು ಬೇರೇನಲ್ಲ ಸ್ವಾಮಿ, ನಮ್ ಕಬ್ಬನ್ ಪಾರ್ಕಲ್ಲಿ ಇದೆಯಲ್ಲ ಮಳೆಮರ, ಅದೇ ಜಾತಿ. ಸಂಜೆ ಆದ್ರೆ ಎಲೆ ಮಡಚ್ಕೊಳತ್ತೆ. ಆ ಚಿತ್ರ ಬಳಸೋದಕ್ಕೆ ಹಿಟಾಚಿಯೋರು ತೋಟದೋರಿಗೆ ದುಡ್ಡು ಕೊಡ್ತಾರೆ, ಮರ ನೋಡೋಕೆ ಜಪಾನಿಂದ ಬಸ್ಸು ಬಸ್ಸು ಟೂರಿಸ್ಟು ಬರ್ತಾರೆ. ಇಲ್ಲಿ ಅದೇ ಮರನ ರಸ್ತೆ ಅಗಲ ಮಾಡೋಕೆ ಕಡಿತಾರೆ, ಹೇಳ್ತಾ ಹೋದ್ರೆ ಬೇರೆ ಥ್ರೆಡ್ ಆಗತ್ತೆ.

ಟೋಕಿಯೋ ಅಕ್ಕ
@ಮರಗಿಡ ಮಾದೇಶ ಹೌದು! ಇಲ್ಲಿ ಮಕ್ಕಳಿಗೆಲ್ಲ ಆ ಹಾಡು ಬಾಯಿಪಾಠ. 1973ರದ್ದು, ಅಸೇ ಕೊಬಯಾಶಿ ಟ್ಯೂನು, ಅಕಿರಾ ಇತೊ ಸಾಹಿತ್ಯ. ಇದೇನ್ ಮರ, ಹೆಸರೇ ಗೊತ್ತಿಲ್ವಲ್ಲ ಅಂತ ಶುರುವಾಗೋ ಹಾಡು. ನೀವು ಸಿಕ್ಕಿದ್ರೆ ಮರದ ಹೆಸ್ರು ಹೇಳ್ಬಿಡ್ತಿದ್ರಿ, ಹಾಡೇ ಇರ್ತಿರ್ಲಿಲ್ಲ 😄

ಸುಮ್ನೆ ಬಂದೆ
ಕೂಡ್ಲೇ ಲ್ಯಾಟಿನ್ ಹೆಸ್ರು ಸಮೇತ ಹೇಳ್ತಿದ್ರು

ಮರಗಿಡ ಮಾದೇಶ
ಸಮಾನಿಯಾ ಸಮನ್.

ಸುಮ್ನೆ ಬಂದೆ
🙏

ಕ್ಯಾಸೆಟ್ ಕಾಕಾ
ಮುಜುಗರ, ಕಲೆ ಅಂತೆಲ್ಲಾ ವಾದ ನಡದದ, ಅದಕ್ಕ ಒಂದು ಮಾತು. 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಸಿನಿಮಾ ನೋಡಿ ಅಳದವರು ಇಲ್ಲೆ ಭಾಳ ಮಂದಿ ಇರ್ತೀರಿ. ಅದರ ಮೂಲ ಕಥಿ ಬರದಾಂವ ಅಕಿಯುಕಿ ನೊಸಾಕಾ. ಯುದ್ಧದಾಗ ಅವನ ಸಣ್ಣ ತಂಗಿ ಹೊಟ್ಟಿಗಿಲ್ಲದ ಸತ್ತಳು, ಅದ ನೆನಪಿನ್ಯಾಗ 1967ಕ್ಕ ಬರದ ಕಥಿ. ಅದಕ್ಕೂ ಮೊದಲ ಅಂವ ಹೊಟ್ಟಿಪಾಡಿಗೆ ಏನ್ ಮಾಡ್ತಿದ್ದಾ? ಜಾಹೀರಾತು ಹಾಡು ಬರೀತಿದ್ದಾ, ಆಗ ನಾ ಹೇಳಿದ ತೊರಿರೊ ಮಿಕಿ ಕಡೀಂದನ ಬಂದಾಂವ. ಇತೊ ಊರಿನ ಹಾತೊಯಾ ಅನ್ನೋ ಬಿಸಿನೀರ ಬುಗ್ಗಿ ಹೋಟೆಲ್ಲಿನ ಹಾಡು ಅವನದ, 1961ರದು, ಟ್ಯೂನ್ ತಾಕು ಇಜುಮಿ. ಹಾಡಿನ್ಯಾಗ ಫೋನ್ ನಂಬರನೂ ಅದ! 4126. ಈಗಿನ ಮುದುಕರಿಗೂ ಆ ನಂಬರ್ ಬಾಯಾಗದ. ಒಂದ ಕೈ ಎರಡೂ ಬರದದ. ಜಾಹೀರಾತು ಬರದ್ರ ಕಲೆ ಸಾಯ್ತದ ಅನ್ನೂದಾದ್ರ ಆ ಕಥಿ ಹೆಂಗ ಹುಟ್ಟಿತು ಹೇಳ್ರಿ.

ವಾದಪ್ರಿಯ
ಕಾಕಾ, ಅದು ನನ್ ವಾದಕ್ಕೇ ಬಲ ಕೊಡತ್ತೆ. ಹೋಟೆಲ್ ಹಾಡನ್ನ ಹೋಟೆಲ್ ಹಾಡು ಅಂತಲೇ ಬರ್ದ, ಕಥೇನ ಕಥೆ ಅಂತಲೇ ಬರ್ದ, ಎರಡನ್ನೂ ಕಲಸ್ಲಿಲ್ಲ. ಜಿಂಗಲ್ ಪ್ರಾಮಾಣಿಕ, ಅದರ ಬಗ್ಗೆ ನನಗೆ ತಕರಾರೇ ಇಲ್ಲ. ಪ್ರೇಮಗೀತೆ ಅಂತ ಹೇಳಿ ಒಳಗಡೆ ಸ್ಕೀ ಶೂ ಮಾರ್ತಾರಲ್ಲ, ಅದಕ್ಕೆ ತಕರಾರು.

ಆ್ಯಡ್ ಮಂಜ
ಸ್ಕೀ ಅಂದ್ರಿ, 'ರೊಮಾನ್ಸು ನೊ ಕಮಿಸಮಾ' ಕೇಳಿದೀರಾ? ಕೋಮಿ ಹಿರೋಸೆ, 1993ರ ಡಿಸೆಂಬರ್, ಆಲ್ಪೆನ್ ಅನ್ನೋ ಸ್ಕೀ ಸಾಮಾನು ಅಂಗಡಿ ಆ್ಯಡ್. ಹಾಡಲ್ಲಿ ಸ್ಕೀನೂ ಇಲ್ಲ ಶೂನೂ ಇಲ್ಲ ಸರ್, ಆಫೀಸ್ ಹುಡುಗಿ ಹುಡುಗನ್ನ ಹುಡ್ಕೋ ಕಥೆ. ಏನೂ ಮಾರ್ತಿಲ್ಲ ಅದು.

ವಾದಪ್ರಿಯ
ಮಾರ್ತಿಲ್ಲ ಅಂದ್ರೆ ಅಂಗಡಿಯೋನು ದುಡ್ಡು ಯಾಕ್ ಕೊಟ್ಟ?

ಚಪಾತಿ ಚಂಪಾ
ಊಟದ ಹೊತ್ತಲ್ಲಿ ಓದ್ತಿದೀನಿ, ಅಡುಗೆ ಆ್ಯಡ್ ಯಾವ್ದೂ ಇಲ್ವಾ? ಜಪಾನೀಸ್ ಕರಿ ಪ್ಯಾಕೆಟ್ ಬೆಂಗ್ಳೂರಲ್ಲೂ ಸಿಗತ್ತೆ ಈಗ, ಸಿಹಿ ಸಿಹಿ ಇರತ್ತೆ, ಯಾಕೋ.

ಟೋಕಿಯೋ ಅಕ್ಕ
ಸಿಹಿ ಇರೋದು ಸೇಬು ಮತ್ತೆ ಜೇನುತುಪ್ಪಕ್ಕೆ, ಹೌಸ್ ಕಂಪನಿಯ ವರ್ಮಾಂಟ್ ಕರಿ. ಆ ಸೇಬು ಜೇನು ಜಿಂಗಲ್ಲೂ ಫೇಮಸ್ಸೇ, 70ರ ದಶಕದಲ್ಲಿ ಹಿದೆಕಿ ಸಾಯ್ಜೊ ಅನ್ನೋ ದೊಡ್ಡ ಪಾಪ್ ಸ್ಟಾರ್ ಅದ್ರ ಆ್ಯಡಲ್ಲಿ ವರ್ಷಗಟ್ಟಲೆ ಬಂದ. ಅದಕ್ಕೂ ಮುಂಚೆ 1964ರಲ್ಲಿ ಎಸ್ ಆ್ಯಂಡ್ ಬಿ ಕಂಪನಿಯ ಕರಿ ಆ್ಯಡಲ್ಲಿ "ಇಂಡಿಯಾದವರಿಗೂ ಆಶ್ಚರ್ಯ!" ಅಂತ ಒಂದು ಡೈಲಾಗ್ ಬಂತು. ಅದು ಗಾದೆ ಥರ ಆಗ್ಬಿಟ್ಟಿದೆ, ವಯಸ್ಸಾದೋರು ನನ್ನ ನೋಡಿದ್ರೆ ಈಗ್ಲೂ ಅದೇ ಹೇಳಿ ನಗ್ತಾರೆ.

ಚಪಾತಿ ಚಂಪಾ
ಆಶ್ಚರ್ಯ ಆಗಿದ್ದು ನಿಜ ಅಕ್ಕ, ಕರಿಗೆ ಸೇಬು ಹಾಕ್ತಾರೆ ಅಂದ್ರೆ ಆಗದೆ ಇರತ್ತಾ.

ಕುಡ್ಲದ ಬೊಂಡ
ನಮ್ಮಲ್ಲಿ ಅನಾನಸ್ ಮೆಣಸ್ಕಾಯಿ ಮಾಡ್ತಾರಲ್ಲ, ಸೇಬು ಹಾಕಿದ್ರೆ ಎಂತ ಆಯ್ತು?

ಹಮಾಮಾತ್ಸು ಹೈದ
ಊಟದ್ ಕಡೆ ಹೋಗ್ಬೇಡ್ರಪ್ಪ ಇಲ್ಲಿ ರಾತ್ರಿ ಹನ್ನೊಂದು, ಹೊಟ್ಟೆ ಹಸೀತದೆ. ಇನ್ನೊಂದ್ ಕೇಳ್ಬೇಕಿತ್ತು. ಎನ್‌ಎಚ್‌ಕೆಲಿ ಆ್ಯಡೇ ಇಲ್ವಲ್ಲ, ಅಲ್ಲಿ ಈ ಹಾಡುಗಳ್ನ ಹಾಡೋಕೆ ಬಿಡ್ತಿದ್ರಾ?

ಕ್ಯಾಸೆಟ್ ಕಾಕಾ
ಹಾಡು ಬಿಡ್ತಿದ್ರು, ಬ್ರ್ಯಾಂಡ್ ಹೆಸರು ಬಿಡ್ತಿರಲಿಲ್ಲ. 1978ರಾಗ ಮೊಮೊಎ ಯಮಾಗುಚಿ ಅವರದೊಂದು ಹಾಡಿನ್ಯಾಗ ಕೆಂಪು ಪೋರ್ಶೆ ಕಾರ್ ಬರ್ತದ. ಅದು ಆ್ಯಡಿನ ಹಾಡೂ ಅಲ್ರಿ. ಆದ್ರೂ ಎನ್‌ಎಚ್‌ಕೆ ಕಾರ್ಯಕ್ರಮದಾಗ "ಕೆಂಪು ಕಾರು" ಅಂತ ಬದಲಿಸಿ ಹಾಡಬೇಕಾತು.

ಸಿಟಿಪಾಪ್ ಹುಚ್ಚಿ
ಫಾರಿನ್ನೋರೂ ಇದ್ದಾರೆ ಗೊತ್ತಾ. 1989ರ ಸನ್‌ಟೋರಿ ವಿಸ್ಕಿ ಆ್ಯಡಲ್ಲಿ ಅಮೆರಿಕನ್ ಗಾಯಕ ರೇ ಚಾರ್ಲ್ಸ್, ಸದರ್ನ್ ಆಲ್ ಸ್ಟಾರ್ಸ್ ಅನ್ನೋ ಜಪಾನಿ ಬ್ಯಾಂಡಿನ ಹಾಡನ್ನ ಇಂಗ್ಲಿಷಲ್ಲಿ ಹಾಡಿದಾರೆ! ಮತ್ತೆ 1970ರಲ್ಲಿ ಹಾಲಿವುಡ್ ನಟ ಚಾರ್ಲ್ಸ್ ಬ್ರಾನ್ಸನ್ ಬಂದ ಮ್ಯಾಂಡಮ್ ಸೆಂಟ್ ಆ್ಯಡು, ಅದ್ರ ಹಾಡು ಒಬ್ಬ ಅಮೆರಿಕನ್ ಕಂಟ್ರಿ ಗಾಯಕಂದು, ಅದೂ ಓರಿಕಾನ್ ನಂಬರ್ ಒನ್. ಕಂಪನಿ ಹೆಸ್ರು ಆಗ ತಾಂಚೊ ಅಂತಿತ್ತು, ಆ್ಯಡ್ ಎಷ್ಟು ಹಿಟ್ಟಾಯ್ತಂದ್ರೆ ಮರುವರ್ಷ ಕಂಪನಿ ಹೆಸ್ರನ್ನೇ ಮ್ಯಾಂಡಮ್ ಅಂತ ಬದಲಾಯಿಸ್ಕೊಂಡ್ರು 🤣

ಟೋಕಿಯೋ ಅಕ್ಕ
ವಾದಪ್ರಿಯ ಅವ್ರಿಗೆ ಒಂದು ಆ್ಯಡು ತೋರಿಸ್ಬೇಕು ಅನಿಸ್ತಿದೆ. 2011 ಮಾರ್ಚ್ 12ಕ್ಕೆ ಕ್ಯೂಶೂ ಶಿಂಕಾನ್‌ಸೆನ್, ಹಕಾತಾದಿಂದ ಕಗೊಶಿಮಾವರೆಗೆ ಪೂರ್ತಿ ಲೈನು ಶುರುವಾಗೋದಿತ್ತು. ಆ್ಯಡಿಗೋಸ್ಕರ ಫೆಬ್ರವರಿಯಲ್ಲಿ ಒಂದು ದಿನ ಬಣ್ಣ ಬಣ್ಣದ ರೈಲು ಬಿಡ್ತೀವಿ, ದಾರಿಯುದ್ದಕ್ಕೂ ನಿಂತು ಕೈ ಬೀಸಿ ಅಂತ ಜನರನ್ನ ಕರೆದ್ರು. ಸಾವಿರಾರು ಜನ ಬಂದ್ರು. ಗದ್ದೆ ಬದು ಮೇಲೆ, ಟೆರೇಸ್ ಮೇಲೆ, ಪ್ಲಾಟ್‌ಫಾರ್ಮಲ್ಲಿ, ವೇಷ ಹಾಕ್ಕೊಂಡು, ಕುಣ್ಕೊಂಡು. ಕ್ಯಾಮೆರಾ ರೈಲೊಳಗೆ, ನಮಗೆ ಕಾಣೋದು ಬರೀ ಕಿಟಕಿ ಹೊರಗಿನ ಜನ. ಹಾಡು 'ಬೂಮ್!', ಹಾಡಿದ್ದು ಮೈಯಾ ಹಿರಾಸಾವಾ, ಸ್ವೀಡನ್ನಲ್ಲಿ ಬೆಳೆದ ಹುಡುಗಿ, ಅಪ್ಪ ಜಪಾನಿನೋರು.

ಆ್ಯಡು ಬಂದು ಕೆಲವೇ ದಿನ. ಮಾರ್ಚ್ 11ಕ್ಕೆ ಭೂಕಂಪ, ಸುನಾಮಿ. ಉದ್ಘಾಟನೆ ಸಮಾರಂಭ ಎಲ್ಲ ರದ್ದು, ಆ್ಯಡು ನಿಂತೋಯ್ತು. ಟಿವಿಯಲ್ಲಿ ಎಲ್ಲಾ ಕಂಪನಿ ಆ್ಯಡೂ ವಾಪಸ್ ತಗೊಂಡು, ಬರೀ ಎಸಿ ಜಪಾನ್ ಅನ್ನೋ ಸಂಸ್ಥೆಯ ಸಾರ್ವಜನಿಕ ಪ್ರಕಟಣೆಗಳೇ ಹಗಲೂ ರಾತ್ರಿ. ಅದ್ರಲ್ಲೊಂದು ಮಕ್ಕಳಿಗೆ ನಮಸ್ಕಾರ ಹೇಳೋದು ಕಲ್ಸೋ ಕಾರ್ಟೂನ್ ಹಾಡು, ಇಡೀ ದೇಶದ ತಲೇಲಿ ಕೂತ್ಬಿಡ್ತು. ಈಗ್ಲೂ ಕೇಳಿದ್ರೆ ನನಗೆ ಕೈಕಾಲು ತಣ್ಣಗಾಗತ್ತೆ, ಅಷ್ಟು ಮುದ್ದಾದ ಹಾಡು ಪಾಪ. ಇತ್ತ ಕ್ಯೂಶೂ ಆ್ಯಡನ್ನ ಜನ ಯೂಟ್ಯೂಬಲ್ಲಿ ತಾವೇ ಹುಡುಕಿ ನೋಡೋಕೆ ಶುರು ಮಾಡಿದ್ರು, ನೋಡಿ ಅತ್ರು, ಒಬ್ಬರಿಗೊಬ್ಬರು ಕಳಿಸಿದ್ರು. ಆಮೇಲೆ ಫ್ರಾನ್ಸಿನ ಕಾನ್ ಜಾಹೀರಾತು ಉತ್ಸವದಲ್ಲಿ ಪ್ರಶಸ್ತೀನೂ ಬಂತು. ಯಾರೂ ಟಿಕೆಟ್ ತಗೊಳ್ಳೋಕೆ ನೋಡ್ಲಿಲ್ಲ ಅದನ್ನ.

ವಾದಪ್ರಿಯ
ನೋಡ್ದೆ ಅಕ್ಕ. ಪೂರ್ತಿ ಮೂರ್ ನಿಮಿಷದ್ದು. ಚೆನ್ನಾಗಿದೆ. ಇದನ್ನ ಹೊರಗಿಡ್ತೀನಿ, ಉಳಿದಿದ್ದಕ್ಕೆ ನನ್ ತಕರಾರು ಹಾಗೇ ಇದೆ.

ಆ್ಯಡ್ ಮಂಜ
ಸರ್ ಹೀಗೇ ಒಂದೊಂದೇ ಹೊರಗಿಡ್ತಾ ಹೋಗಿ, ಕೊನೆಗೆ ಸ್ಕೀ ಶೂ ಮಾತ್ರ ಉಳಿಯತ್ತೆ.

ಹಮಾಮಾತ್ಸು ಹೈದ
ಈಗಿನ್ ಕಾಲದ್ದು ಯಾವ್ದಾದ್ರೂ ಹೇಳಿ, ಎಲ್ಲ 80, 90ರದ್ದೇ ಆಯ್ತು.

ಸಿಟಿಪಾಪ್ ಹುಚ್ಚಿ
2015ರ 'ಉಮಿ ನೊ ಕೊಎ' ಕೇಳಿ. ಎಯು ಮೊಬೈಲ್ ಕಂಪನಿ ಆ್ಯಡಲ್ಲಿ ಜಪಾನಿ ಜಾನಪದ ಕಥೆಯ ಉರಾಶಿಮಾ ತಾರೊ ಪಾತ್ರ ಮಾಡೋ ಕೆಂತಾ ಕಿರಿತಾನಿ, ಸಮುದ್ರದ ದಡದಲ್ಲಿ ಕೂತು ಮೂರು ತಂತಿಯ ವಾದ್ಯ ಸಾನ್‌ಶಿನ್ ನುಡಿಸ್ಕೊಂಡು ಹಾಡ್ತಾನೆ. ಅವ್ನು ನಟ, ಗಾಯಕ ಅಲ್ಲ. ಟ್ಯೂನು ಒಕಿನಾವಾದ ಬಿಗಿನ್ ಬ್ಯಾಂಡಿನೋರದ್ದು, ಸಾಹಿತ್ಯ ಬರ್ದಿದ್ದು ಆ ಆ್ಯಡಿನ ಪ್ಲಾನರ್ರೇ. ಮಂಜಣ್ಣ ನಿಮಗೆ ಹೊಟ್ಟೆ ಉರಿಯತ್ತೆ ಅಂತ ಗೊತ್ತು.

ಆ್ಯಡ್ ಮಂಜ
ಉರೀತಿದೆ.

ಸುಮ್ನೆ ಬಂದೆ
ಅಕ್ಕ ಒಂದ್ ಡೌಟು. ಫ್ಯಾಮಿಲಿಮಾರ್ಟ್ ಅಂಗಡಿ ಬಾಗಿಲು ತೆಗೆದ್ರೆ ಒಂದ್ ಟ್ಯೂನ್ ಬರತ್ತಲ್ಲ ರೀಲ್ಸಲ್ಲೆಲ್ಲ, ಅದೂ ಆ್ಯಡ್ ಹಾಡಾ?

ಟೋಕಿಯೋ ಅಕ್ಕ
ಅಲ್ಲ, ಅದು ಪ್ಯಾನಸೋನಿಕ್ ಕಂಪನಿಯ ಡೋರ್‌ಬೆಲ್. ಯಾರ್ ಬೇಕಾದ್ರೂ ಮನೆಗೆ ಹಾಕಿಸ್ಕೋಬಹುದು.

ಚಪಾತಿ ಚಂಪಾ
ಬೆಂಗ್ಳೂರಿಗೆ ಬರೋರು ಯಾರಾದ್ರೂ ಇದ್ರೆ ನನಗೊಂದು ತಂದ್ಕೊಡಿ, ದುಡ್ಡು ಕೊಡ್ತೀನಿ.

ಹಮಾಮಾತ್ಸು ಹೈದ
ಯುಗಾದಿಗೆ ಬತ್ತೀನಿ, ಮೆಸೇಜ್ ಮಾಡಿ. ಆದ್ರೆ ಇಲ್ಲಿ ಕರೆಂಟು 100 ವೋಲ್ಟು, ಅಲ್ಲಿ 230, ನೇರ ಹಾಕುದ್ರೆ ಸುಟ್ಟೋಯ್ತದೆ, ಬ್ಯಾಟರಿದು ಸಿಕ್ತದಾ ನೋಡ್ತೀನಿ.